ವಾಟ್ಸಾಪಿನ ಠರಾವು ರದ್ದಾದ ಶುಕ್ರವಾರ

ಕೊಲ್ಲಿ ದೇಶದ ನಮ್ಮ ಊರಿನ ಅಲ್ ಅಜೀಜಿಯಾ ಬಡಾವಣೆಯ ವಿಲ್ಲಾ ಒಂದರ ಹಾಲಿನಲ್ಲಿ ಆ ಶುಕ್ರವಾರ ಮಧ್ಯಾಹ್ನ ನಮ್ಮ ಕನ್ನಡ ಸಂಘದ ನಲವತ್ತಕ್ಕೂ ಹೆಚ್ಚು ಸದಸ್ಯರು ಸೇರಿದ್ದರು. ಎದುರಿಗೆ ಅಧ್ಯಕ್ಷರು, ಪಕ್ಕದಲ್ಲಿ ಕಾರ್ಯದರ್ಶಿ. ಹಿಂದಿನ ಸಾಲಿನಲ್ಲಿ, ಬಾಗಿಲ ಬಳಿ, ಟೀಚರ್. ಉಡುಪಿ ಕಡೆಯವರು, ವಾರವೆಲ್ಲ ಆಫೀಸಿನಲ್ಲಿ ದುಡಿದು, ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ಇದೇ ಹಾಲಿನಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಓದುಬರಹ ಕಲಿಸುತ್ತಿದ್ದವರು. ನಾನು ಸಮಿತಿಯವರ ಸಾಲಿನಲ್ಲಿದ್ದೆ.

ಜಗಳದ ಮೂಲ ಸಣ್ಣದು, ಕೆಲವು ವಾರ ಹಿಂದಿನದು. ರಾಜ್ಯೋತ್ಸವಕ್ಕೆ ಮಕ್ಕಳ ನೃತ್ಯ ಆಗಬೇಕು, ಎರಡು ತಿಂಗಳು ಪಾಠ ಬಿಟ್ಟು ರಿಹರ್ಸಲ್‌ಗೆ ಜಾಗ ಕೊಡಿ ಎಂದಿದ್ದರು ಅಧ್ಯಕ್ಷರು.

"ಮಕ್ಕಳಿಗೆ ಅವರ ಹೆಸರು ಬರೀಲಿಕ್ಕೆ ಗೊತ್ತಿಲ್ಲ, ನಿಮಗೆ ರಾಜ್ಯೋತ್ಸವದ್ದೇ ಗಡಿಬಿಡಿಯಾ ಮಾರಾಯ್ರೆ? ನಾನು ಪಾಠ ಬಿಡುವುದಿಲ್ಲ," ಎಂದಿದ್ದರು ಟೀಚರ್.

ಮಾರನೆಯ ದಿನ ಸಮಿತಿಯ ವಾಟ್ಸಾಪ್ ಗುಂಪಿನಲ್ಲಿ ಕಾರ್ಯದರ್ಶಿ ಬರೆದರು: ಟೀಚರನ್ನು ತೆಗೆದು ತರಗತಿ ನಿಲ್ಲಿಸೋಣ, ಒಪ್ಪುವವರು ಹೆಬ್ಬೆರಳಿನ ಗುರುತು ಒತ್ತಿ. ಆಗ ಅಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ಯಾವ ವಿಷಯವೂ ನನ್ನನ್ನು ತಟ್ಟುತ್ತಿರಲಿಲ್ಲ. ಆಫೀಸಿನ ಲಿಫ್ಟ್ ಮೇಲೇರುತ್ತಿದ್ದಾಗ ಒತ್ತಿದೆ. ನನ್ನ ಮಹಡಿ ಬಂತು, ಇಳಿದೆ.

ಟೀಚರಿಗೆ ಯಾರೂ ಹೇಳಲಿಲ್ಲ. ಶುಕ್ರವಾರ ಪುಸ್ತಕದ ಚೀಲ ಹೊತ್ತು ಬಂದಾಗ ಹಾಲಿನಲ್ಲಿ ನೃತ್ಯದ ಹಾಡು ಜೋರಾಗಿತ್ತು. ಐದು ನಿಮಿಷ ನಿಂತಿದ್ದು ಹೋದರಂತೆ.

ಉಮ್ಮ್ ಸಲಾಲ್‌ನಲ್ಲಿರುವ ಹಿರಿಯ ಸದಸ್ಯರೊಬ್ಬರು ಸಂಘದ ಬೈಲಾ ಹುಡುಕಿ ಓದಿದ್ದು ಆಮೇಲೆ. ಐದರಲ್ಲೊಂದು ಪಾಲು ಸದಸ್ಯರು ಸಹಿ ಹಾಕಿ ಕೇಳಿದರೆ ವಿಶೇಷ ಸಭೆ ಕರೆಯಲೇಬೇಕು. ಅವರು ಮನೆಮನೆ ತಿರುಗಿ ಸಹಿ ಕೂಡಿಸಿದರು. ನಮ್ಮ ಮನೆಗೂ ಬಂದು ಕಾಫಿ ಕುಡಿದರು, ಅಮ್ಮನ ವಿಚಾರ ಕೇಳಿದರು, ಹೋದರು. ಸಮಿತಿಯವನೆಂದು ನನ್ನ ಸಹಿ ಕೇಳಲಿಲ್ಲ. ಆ ಶುಕ್ರವಾರ ಮಧ್ಯಾಹ್ನ ಸೇರಿದ್ದು ಹಾಗೆ ಕರೆದ ಸಭೆ.

ಹಿರಿಯರು ಎದ್ದು ನಿಂತರು. "ಟೀಚರನ್ನ ತೆಗೆಯೋಕೆ ಸಮಿತಿ ಯಾವತ್ತು ಸಭೆ ಸೇರಿತ್ತು, ಸ್ವಾಮಿ?"

"ವಾಟ್ಸಾಪಲ್ಲಿ ಎಲ್ರೂ ಒಪ್ಪಿದಾರೆ ಸಾರ್, ಖಲಾಸ್," ಎಂದರು ಕಾರ್ಯದರ್ಶಿ.

"ನೋಟಿಸ್ ಕೊಟ್ಟು ಸಭೆ ಸೇರ್ಬೇಕು, ತೆಗೆಯೋ ಮುಂಚೆ ಅವರ ಮಾತು ಕೇಳ್ಬೇಕು ಅಂತ ಬೈಲಾದಲ್ಲಿದೆ. ಓದುಬರಹದ ಕ್ಲಾಸ್ ನಿಲ್ಸೋಕೆ ಹೆಬ್ಬೆಟ್ಟು ಒತ್ತಿದೀರಲ್ಲಪ್ಪ!"

ಹಾಲಿನ ತುಂಬ ನಗು. ಟೀಚರ್ ನಗಲಿಲ್ಲ. ಹಿರಿಯರು ನನ್ನ ಕಡೆ ತಿರುಗಿದರು. "ನೀವು ಹೇಳಿ. ಸಭೆ ಆಯ್ತಾ? ಅವರನ್ನ ಕೇಳಿದ್ರಾ?"

"ಎರಡೂ ಇಲ್ಲ," ಎಂದೆ. "ಇಡೀ ಮೆಸೇಜು ಓದಲೂ ಇಲ್ಲ ನಾನು."

ನಾಚಿಕೆಯಾಗಬೇಕಿತ್ತು. ಎಸಿಯ ಗಾಳಿ ಕತ್ತಿಗೆ ಬೀಸುತ್ತಿದ್ದುದು ಬಿಟ್ಟರೆ ಬೇರೇನೂ ಗೊತ್ತಾಗಲಿಲ್ಲ. ಕಾರ್ಯದರ್ಶಿ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಅದೂ ಬೇರೆ ಯಾರನ್ನೋ ನೋಡುತ್ತಿರುವ ಹಾಗಿತ್ತು.

ರದ್ದಾಗಬೇಕು ಎನ್ನುವವರ ಕೈ ಎತ್ತಿಸಿದರು ಅಧ್ಯಕ್ಷರು. ಎಣಿಸುವ ಅಗತ್ಯವೇ ಬೀಳಲಿಲ್ಲ. ಸಮಿತಿಯ ತೀರ್ಮಾನ ರದ್ದು, ತರಗತಿ ಮೊದಲಿನಂತೆ ಎಂದು ನಡಾವಳಿ ಪುಸ್ತಕದಲ್ಲಿ ಬರೆಯಲಾಯಿತು.

ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಟೀಚರ್ ಹತ್ತಿರ ಬಂದರು. "ಒಂದು ಫೋನ್ ಮಾಡಬಹುದಿತ್ತಲ್ಲ ನೀವು?"

"ಮಾಡಬಹುದಿತ್ತು," ಎಂದೆ.

ಮುಂದಿನ ಶುಕ್ರವಾರ ತರಗತಿ ನಡೆಯಿತು. ಆರೇ ಮಕ್ಕಳು ಬಂದಿದ್ದರು. ಉಳಿದವರು ಅಲ್ ರಯ್ಯಾನ್‌ನಲ್ಲಿ ಅಧ್ಯಕ್ಷರ ಮನೆಗೆ ನೃತ್ಯ ಕಲಿಯಲು ಹೋಗಿದ್ದರು. ಟೀಚರ್ ಹಾಜರಿ ಪುಸ್ತಕ ತೆಗೆದು, ಬಾರದವರ ಹೆಸರನ್ನೂ ಬಿಡದೆ ಎಲ್ಲರನ್ನೂ ಕರೆದು, ಪಾಠ ಶುರುಮಾಡಿದರು.