ಗಾಜಿನ ಕೋಣೆಯ ಬಿಸ್ಕತ್ತು

ಮುಂಬಯಿ ಹತ್ತಿರದ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಒಂದು ಡ್ರಮ್ ಕಾರ್ಖಾನೆಯಲ್ಲಿ, ಕಾರ್ಮಿಕರ ನಾಯಕ ಏನನ್ನೂ ತಿನ್ನದಂತೆ ನೋಡುತ್ತ ಕೂರುವ ಕೆಲಸ ನನಗೊಮ್ಮೆ ಬಂದಿತ್ತು. ಆಗ ನಾನು ಕನ್ನಡ ಪತ್ರಿಕೆಯೊಂದಕ್ಕೆ ಈ ಭಾಗದ ಸುದ್ದಿ ಕಳಿಸುತ್ತಿದ್ದೆ. ಎರಡೂ ಕಡೆಯವರು ನನ್ನನ್ನು ಒಪ್ಪಿದ್ದರು. ನಾನು ಕಂಡದ್ದನ್ನು ಕಂಡಂತೆ ಹೇಳುತ್ತೇನೆಂದು ಕಾರ್ಮಿಕರು ನಂಬಿದ್ದರು. ಕನ್ನಡ ಪತ್ರಿಕೆಯನ್ನು ತಮ್ಮ ಹೆಡ್ ಆಫೀಸಿನಲ್ಲಿ ಯಾರೂ ಓದುವುದಿಲ್ಲವೆಂದು ಕಂಪನಿಯವರು ನಂಬಿದ್ದರು. ಇಬ್ಬರ ನಂಬಿಕೆಯೂ ಸರಿಯಾಗಿತ್ತು.

ಕೆಮಿಕಲ್ ತುಂಬುವ ಕಬ್ಬಿಣದ ಡ್ರಮ್ಮುಗಳು ಅಲ್ಲಿ ತಯಾರಾಗುತ್ತಿದ್ದವು. ಅವುಗಳನ್ನು ಲಾರಿಗೆ ಏರಿಸುವವರೆಲ್ಲ ಕಲಬುರಗಿ, ವಿಜಯಪುರ, ರಾಯಚೂರು ಕಡೆಯ ಗಂಡಸರು, ಹೆಂಗಸರು. ವರ್ಷಗಟ್ಟಲೆ ಅದೇ ಗೇಟಿನೊಳಗೆ ದುಡಿದರೂ ಅವರು ಕಂಪನಿಯ ನೌಕರರಲ್ಲ, ಗುತ್ತಿಗೆದಾರನ ಜನ. ತಮ್ಮನ್ನೂ ಪರ್ಮನೆಂಟ್ ಮಾಡಬೇಕು ಎಂಬುದು ಅವರ ಬೇಡಿಕೆ. ಪ್ರತಿ ಕರಾರಿನ ಮಾತುಕತೆಯಲ್ಲೂ ಅದು ಬರುತ್ತಿತ್ತು, ಸಹಿಯ ಹೊತ್ತಿಗೆ ಬಿದ್ದುಹೋಗುತ್ತಿತ್ತು.

ಹಿಂದಿನ ಸಲ ಅದು ಬಿದ್ದುಹೋದ ಬಗೆ ಎಲ್ಲರ ಬಾಯಲ್ಲಿತ್ತು. ಆಗಿನ ನಾಯಕ ಮಾತುಕತೆಯ ಕೊನೆಯ ದಿನ ಮ್ಯಾನೇಜ್‌ಮೆಂಟಿನವರ ಜೊತೆ ಘೋಡಬಂದರ್ ರಸ್ತೆಯ ಏಸಿ ಹೋಟೆಲೊಂದರಲ್ಲಿ ಊಟಕ್ಕೆ ಕೂತಿದ್ದ. ಡ್ರಮ್ ಹೊತ್ತ ಲಾರಿಯೊಂದು ಅದೇ ಹೊತ್ತಿಗೆ ಎದುರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಅದರ ಮೇಲೆ ಕೂತಿದ್ದ ಲೋಡಿಂಗ್‌ನವರು, ಹೋಟೆಲಿನ ಗಾಜಿನಾಚೆ ತಮ್ಮ ನಾಯಕ ಗುಲಾಬ್ ಜಾಮೂನ್ ತಿನ್ನುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಊಟದ ನಂತರ ಬಂದ ಕರಾರಿನಲ್ಲಿ ಅವರನ್ನು ಪರ್ಮನೆಂಟ್ ಮಾಡುವ ಕಲಮು ಇರಲಿಲ್ಲ. ಮುಂದೆ ಕರಾರನ್ನು ಎಲ್ಲರೆದುರು ಓದಿಸಿ ಸಹಿ ಹಾಕಿಸಬೇಕು ಎಂದು ಯೂನಿಯನ್ ತೀರ್ಮಾನಿಸಬಹುದಿತ್ತು. ನಾಯಕನಿಗೆ ತಿನ್ನಲು ಬಿಡಬಾರದು ಎಂದು ತೀರ್ಮಾನಿಸಿತು.

ಹೊಸ ನಾಯಕ ವಿಜಯಪುರದವನು, ವೆಲ್ಡರ್. ಅವನ ಮೊದಲ ಕರಾರು ಇದು. ಮಾತುಕತೆಯ ಕೋಣೆಯ ಒಂದು ಗೋಡೆ ಪೂರ್ತಿ ಗಾಜಿನದು; ಆಚೆ ಲೋಡಿಂಗ್ ಅಂಗಳ. ಹೊರಗಿನವರಿಗೆ ಒಳಗಿನದು ಕಾಣಿಸುತ್ತಿತ್ತು, ಕೇಳಿಸುತ್ತಿರಲಿಲ್ಲ. ಹಾಗಾಗಿ ನಿಯಮವನ್ನೂ ಕಣ್ಣಿಗೆ ತಕ್ಕಂತೆ ಮಾಡಿದ್ದರು. ಕಂಪನಿಯ ಚಹಾ ಮಾತ್ರವಲ್ಲ, ಮನೆಯಿಂದ ತಂದ ನೀರನ್ನೂ ಅಲ್ಲಿ ಕುಡಿಯುವಂತಿಲ್ಲ. ಯಾರ ನೀರೆಂದು ದೂರದಿಂದ ಹೇಗೆ ತಿಳಿಯಬೇಕು? ನನಗೂ ಅದೇ ನಿಯಮ. ಊಟವಿಲ್ಲದ ಪತ್ರಿಕಾಗೋಷ್ಠಿಗೆ ವರದಿಗಾರರು ಸೇರದ ಊರಿನಲ್ಲಿ ನಾನು ಉಪವಾಸದ ಸಾಕ್ಷಿಯಾದೆ.

ಮಾತುಕತೆ ಕೆಲವು ವಾರ ಎಳೆಯಿತು. ನಾನು ಹೊರಗೆ ಬಂದಾಗಲೆಲ್ಲ ಜನ ಮುತ್ತಿಕೊಳ್ಳುತ್ತಿದ್ದರು. ಓವರ್‌ಟೈಮ್ ಏನಾಯಿತು, ಬೋನಸ್ ಏನಾಯಿತು ಎಂದು ಯಾರೂ ಕೇಳಲಿಲ್ಲ. ಕಂಪನಿಯವರು ಇವತ್ತು ಏನು ತರಿಸಿದ್ದರು, ನಾಯಕ ಅದರ ಕಡೆ ನೋಡಿದನೇ, ಎಷ್ಟು ಹೊತ್ತು ನೋಡಿದ, ಇವೇ ಪ್ರಶ್ನೆಗಳು. ಒಂದು ದಿನ ಬಿಸಿ ಸಮೋಸಾ ಬಂದಿತ್ತು. ನೋಡಿದ, ಆದರೆ ಬೇಗ ಕಣ್ಣು ತಿರುಗಿಸಿದ ಎಂದೆ. ಗುಂಪಿನಲ್ಲಿ ಸಮಾಧಾನ ಹರಡಿತು. ಎಲ್ಲ ಕೇಳಿಯೂ ಸಮಾಧಾನವಾಗದವಳು ಒಬ್ಬಳೇ, ಲೋಡಿಂಗ್ ಹೆಂಗಸರ ಹಿರಿಯಳು. ಕಲಬುರಗಿ ಕಡೆಯವಳು, ಎಲ್ಲರಿಗೂ ಅಕ್ಕ. ಪರ್ಮನೆಂಟ್ ಆದರೆ ಎಲ್ಲರಿಗಿಂತ ಹೆಚ್ಚು ಪಡೆಯುವವಳು ಅವಳೇ. ಗಂಡ ಬೆನ್ನುನೋವಿನಿಂದ ಕೆಲಸ ಬಿಟ್ಟ ಮೇಲೆ ಮನೆ ಅವಳೊಬ್ಬಳ ಮೇಲೆ ನಿಂತಿತ್ತು, ಗುತ್ತಿಗೆದಾರ ಯಾವ ಬೆಳಿಗ್ಗೆ ಬೇಕಾದರೂ ಬರಬೇಡ ಎನ್ನಬಹುದಿತ್ತು.

ಬಿಸ್ಕತ್ತಿನ ದಿನ ಮಾತು ಊಟದ ಹೊತ್ತು ದಾಟಿತು. ಕಂಪನಿಯ ಮ್ಯಾನೇಜರ್ ಮೊದಲ ಸಲ ಲೋಡಿಂಗ್‌ನವರ ಕಲಮಿಗೆ ಬಂದಿದ್ದರು. ನವಿ ಮುಂಬಯಿಯ ಹೆಡ್ ಆಫೀಸಿಗೆ ಫೋನ್ ಮಾಡಿ ಒಪ್ಪಿಗೆಗೆ ಕಾಯುತ್ತಿದ್ದರು. ನಾಯಕನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗಿದ್ದ, ಆಮೇಲೆ ಏನೂ ತಿಂದಿರಲಿಲ್ಲ. ಸಕ್ಕರೆ ಇಳಿದು ಅವನ ಹಣೆ ಬೆವರತೊಡಗಿತು. ಪೆನ್ನು ಹಿಡಿದ ಕೈ ನಡುಗಿತು. ಮೊದಲು ಗುರುತಿಸಿದವರು ಮ್ಯಾನೇಜರ್, ಅವರಿಗೂ ಅದೇ ಕಾಯಿಲೆ. ಮಾತಿಲ್ಲದೆ ಬಿಸ್ಕತ್ತಿನ ತಟ್ಟೆ ಅವನ ಮುಂದೆ ಸರಿಸಿದರು.

ಅವನು ತಲೆಯಾಡಿಸಿದ. ಹೊರಗೆ ಹೋಗಿ ಏನಾದರೂ ತಿಂದು ಬಾ ಎಂದು ನಾನು ಹೇಳಿದೆ. ಎದ್ದರೆ ವಿರಾಮ, ವಿರಾಮ ಸಿಕ್ಕರೆ ಹೆಡ್ ಆಫೀಸಿನವರ ಮನಸ್ಸು ಬದಲಾಗುತ್ತದೆ, ಹೋದ ಸಲ ಆದದ್ದೂ ಅದೇ ಎಂದ. ನಾಲಗೆ ಆಗಲೇ ತೊದಲುತ್ತಿತ್ತು. ಮ್ಯಾನೇಜರ್ ಎದ್ದು, ಗಾಜಿಗೆ ಪರದೆ ಎಳೆಯುತ್ತೇನೆ, ಯಾರಿಗೂ ಕಾಣುವುದಿಲ್ಲ ಎಂದರು. ನಾಯಕ ಅವರ ಕೈ ಹಿಡಿದು ತಡೆದ. ನನ್ನ ಕಡೆ ತಿರುಗಿ ಹೇಳಿದ:

"ಪರದೆ ಎಳದ್ರ ನಾ ಬಿಸ್ಕೀಟ್ ಅಲ್ರೀ, ಇಡೀ ಕಂಪನಿ ತಿಂದೀನಿ ಅಂತಾರ. ಕಾಣಂಗನ ತಿಂತೀನಿ. ನೀವು ನೋಡಕೋತ ಇರ್‍ರಿ."

ಕುರ್ಚಿಯನ್ನು ಗಾಜಿನ ಕಡೆ ತಿರುಗಿಸಿಕೊಂಡು, ನಿಧಾನವಾಗಿ ಎರಡು ಬಿಸ್ಕತ್ತು ತಿಂದ. ಅಂಗಳದಲ್ಲಿ ಡ್ರಮ್ ಉರುಳಿಸುತ್ತಿದ್ದವರು ನಿಂತರು. ಲಾರಿಯ ಮೇಲಿದ್ದ ಅಕ್ಕ ಕೆಳಗಿಳಿದಳು. ಸ್ವಲ್ಪ ಹೊತ್ತಿಗೆ ಹೆಡ್ ಆಫೀಸಿನ ಫೋನ್ ಬಂತು. ಲೋಡಿಂಗ್‌ನವರೆಲ್ಲರೂ ಪರ್ಮನೆಂಟ್, ಕಲಮು ಒಪ್ಪಿಗೆ. ನಾಯಕ ನಗಲಿಲ್ಲ. ಗಾಜಿನಾಚೆ ಅಂಗಳ ಖಾಲಿಯಾಗಿತ್ತು. ಎಲ್ಲರೂ ಕೆಲಸ ನಿಲ್ಲಿಸಿ ಗೇಟಿಗೆ ಹೋಗಿದ್ದರು.

ಗೇಟಿನಲ್ಲಿ ಅವನಿಗೆ ಬಾಯಿ ತೆರೆಯಲು ಬಿಡಲಿಲ್ಲ. ಮೊದಲು ಸಾಕ್ಷಿ ಹೇಳಲಿ ಎಂದರು. ಕಂಡದ್ದನ್ನು ಹೇಳಿದೆ: ಬೆವರು, ನಡುಕ, ಕಾಯಿಲೆ, ಎರಡು ಬಿಸ್ಕತ್ತು. ಇಲ್ಲೇ ಹುಟ್ಟಿ ಬೆಳೆದ ಹುಡುಗನೊಬ್ಬ, ಕನ್ನಡ ಅರ್ಥವಾದರೂ ಹಿಂದಿಯಲ್ಲೇ ಕೇಳಿದ:

"ಕ್ರೀಮ್‌ವಾಲಾ ಥಾ ಕ್ಯಾ?"

ಹೌದು, ಕ್ರೀಮ್ ಇತ್ತು ಎಂದೆ. ಸಭೆಯಲ್ಲಿ ಗುಜುಗುಜು ಎದ್ದಿತು. ಸಾದಾ ಬಿಸ್ಕತ್ತಾದರೆ ಔಷಧ, ಕ್ರೀಮ್ ಬಿಸ್ಕತ್ತಾದರೆ ಸತ್ಕಾರ ಎಂದು ಒಂದು ಗುಂಪು ವಾದಿಸಿತು. ಒಂದು ತಿಂದಿದ್ದರೆ ಜೀವಕ್ಕೆ, ಎರಡನೆಯದು ರುಚಿಗೆ ಎಂದು ಇನ್ನೊಂದು ಗುಂಪು. ರಸ್ತೆಯಾಚೆಯ ಉಡುಪಿ ಹೋಟೆಲಿನ ಮಾಲೀಕರನ್ನು ಕರೆಸಿದರು, ಬಿಸ್ಕತ್ತು ಕಳಿಸಿದ್ದು ಅವರು. ಗಿರಾಕಿಗಳನ್ನು ಬಿಟ್ಟು ಬಂದ ಬೇಸರ ಅವರ ಮುಖದಲ್ಲಿತ್ತು.

"ಅದು ನನ್ನ ಹೋಟ್ಲಿನ ಬಿಸ್ಕುಟ್ ಮಾರಾಯ್ರೆ, ಕಂಪನಿಯದ್ದಲ್ಲ. ಕಂಪನಿಯವ್ರು ಡ್ರಮ್ ಮಾಡುದು, ಬಿಸ್ಕುಟ್ ಮಾಡ್ತಾರಾ?"

ಕೆಲವರು ನಕ್ಕರು. ಅಕ್ಕ ನಗಲಿಲ್ಲ. ನಾಯಕನ ಎದುರು ಬಂದು ನಿಂತಳು.

"ತಮ್ಮಾ, ನೀ ಸುಳ್ಳು ಅಂತ ನಾ ಅನ್ನಂಗಿಲ್ಲ. ಖರೇನ ಇರಬೇಕು. ಆದ್ರ ಹೋದ ಸಲಾನೂ ಒಬ್ಬಾವ ಬಾಯಿ ಒರಸಕೋತ ಬಂದು, ಅಕ್ಕಾ ನಿಂದೂ ಆಗ್ತದ ಅಂದಿದ್ದ. ನಾ ಮನಿಗಿ ಹೋಗಿ ಹೋಳಿಗಿ ಮಾಡಿದ್ದೆ."

ಕಲಮು ಬಂದಿದೆ ಎಂದು ಅವನು ಹೇಳಿದರೂ ಅದು ತಿಂದ ಬಾಯಿಯ ಮಾತಾಗುತ್ತಿತ್ತು.

ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಹೆಡ್ ಆಫೀಸಿನಿಂದ ಮ್ಯಾನೇಜರಿಗೆ ಮೇಲಿಂದ ಮೇಲೆ ಫೋನ್. ಕೊನೆಗೆ ಅವರೇ ಗೇಟಿಗೆ ಬಂದು, ಈಗ ಏನು ಮಾಡಬೇಕು ಹೇಳಿ ಎಂದು ಹಿಂದಿಯಲ್ಲಿ ಕೇಳಿದರು. ಯೂನಿಯನ್ನಿನವರಿಗಿಂತ ಮೊದಲು ಅಕ್ಕ ಮುಂದೆ ಬಂದಳು. ತನ್ನ ಡಬ್ಬಿ ಬಿಚ್ಚಿ, ಜೋಳದ ರೊಟ್ಟಿ, ಮೇಲೆ ಶೇಂಗಾ ಚಟ್ನಿ ಇಟ್ಟು ಅವರ ಮುಂದೆ ಹಿಡಿದಳು. ನಮ್ಮವನು ನಿಮ್ಮದು ತಿಂದಿದ್ದಾನೆ, ನೀವು ನಮ್ಮದು ತಿನ್ನಿ, ಎಲ್ಲರ ಮುಂದೆ, ಒಂದು ಚೂರೂ ಉಳಿಸದೆ ಎಂದಳು. ನಾನು ಹಿಂದಿಗೆ ಅನುವಾದಿಸಿದೆ. ಮ್ಯಾನೇಜರ್ ನನ್ನನ್ನು ನೋಡಿದರು. ಅನುವಾದ ಸರಿಯಾಗಿದೆ ಎಂದೆ.

ತಿಂದರು. ಚಟ್ನಿ ಖಾರವಾಗಿತ್ತು. ಮೊದಲ ತುತ್ತಿಗೆ ಕಣ್ಣಲ್ಲಿ ನೀರು, ಎರಡನೆಯದಕ್ಕೆ ಬಿಕ್ಕಳಿಕೆ. ಅವರ ಕಾರಿನ ಡ್ರೈವರ್ ಕಂಪನಿಯ ನೀರಿನ ಬಾಟಲಿ ಹಿಡಿದು ಓಡಿಬಂದಾಗ ಜನ ಅವನನ್ನು ತಡೆದರು. ಯೂನಿಯನ್ನಿನ ಮಡಕೆಯಿಂದ ನೀರು ಕೊಟ್ಟರು. ನೂರಾರು ಜನ ಉಸಿರು ಬಿಗಿಹಿಡಿದು, ಒಬ್ಬ ಮಧ್ಯವಯಸ್ಕ ಮನುಷ್ಯ ರೊಟ್ಟಿ ಅಗಿಯುವುದನ್ನು ನೋಡಿದರು. ಕೊನೆಯ ಚೂರು ನುಂಗಿ, ಚಟ್ನಿ ಛಾನ್, ಬಹಳ ಚೆನ್ನಾಗಿದೆ ಎಂದು ಮರಾಠಿಯಲ್ಲಿ ಹೇಳಿದರು. ಧ್ವನಿ ಒಡೆದಿತ್ತು.

ಅಕ್ಕ ಡಬ್ಬಿ ಮುಚ್ಚಿದಳು. ನಾಯಕನ ಕಡೆ ತಿರುಗಿದಳು.

"ಈಗ ಹೇಳು ತಮ್ಮಾ. ಕರಾರಿನ್ಯಾಗ ಏನ್ ಅದ?"

ಅಷ್ಟು ವಾರಗಳಲ್ಲಿ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅವನು ಹೇಳಿದ. ಜನ ಕೈ ಎತ್ತಿ ಒಪ್ಪಿದರು.

ಸಹಿಯ ದಿನ ಕೋಣೆಯಲ್ಲಿ ಹೊಸ ಮುಖವೊಂದಿತ್ತು. ಮ್ಯಾನೇಜರ್ ಯೂನಿಯನ್ನಿನವರ ರೊಟ್ಟಿ ತಿಂದ ಸುದ್ದಿ ಹೆಡ್ ಆಫೀಸಿಗೆ ಮುಟ್ಟಿತ್ತು. ಇನ್ನು ಮ್ಯಾನೇಜರ್ ಏನನ್ನೂ ತಿನ್ನದಂತೆ ನೋಡಲು ಅಲ್ಲಿಂದ ಒಬ್ಬ ಅಧಿಕಾರಿಯನ್ನು ಕಳಿಸಿದ್ದರು. ಆ ಅಧಿಕಾರಿಗೆ ನನ್ನ ಪಕ್ಕದ ಕುರ್ಚಿ ಕೊಟ್ಟರು. ಈ ಕೆಲಸದಲ್ಲಿ ನಿಮಗೆ ಎಷ್ಟು ದಿನದ ಅನುಭವ ಎಂದು ಅವರು ನನ್ನನ್ನು ವಿನಯದಿಂದ ಕೇಳಿದರು. ಬರುವಾಗ ಹೊಟ್ಟೆ ತುಂಬ ತಿಂದು ಬರಬೇಕು, ಅದೊಂದೇ ಮುಖ್ಯ ಎಂದೆ. ಖಾಲಿ ಹೊಟ್ಟೆಯಲ್ಲಿ ಬಂದಿದ್ದ ಅವರಿಗೆ ಅದು ತಡವಾಗಿ ತಿಳಿಯಿತು.

ಹೋಟೆಲಿನಿಂದ ಬಂದ ಚಹಾ ಮೇಜಿನ ಮೇಲೆ ಕೆನೆಗಟ್ಟಿತು. ಯಾರೂ ಮುಟ್ಟಲಿಲ್ಲ. ನಾಯಕ ಲೋಡಿಂಗ್‌ನವರ ಕಲಮಿನ ಮೇಲೆ ಬೆರಳಿಟ್ಟು, ಅದು ಅಲ್ಲೇ ಇದೆಯೆಂದು ಓದಿ, ಸಹಿ ಹಾಕಿದ. ಗಾಜಿನಾಚೆ ಅಕ್ಕ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಕಾಗದವನ್ನಲ್ಲ, ಅವನ ಬಾಯಿಯನ್ನು. ನಾಯಕ ಎದ್ದು ಗಾಜಿನ ಹತ್ತಿರ ಹೋದ. ದವಾಖಾನೆಯಲ್ಲಿ ಡಾಕ್ಟರಿಗೆ ತೋರಿಸುವಂತೆ ಬಾಯಿ ಅಗಲವಾಗಿ ತೆರೆದು, ನಾಲಗೆಯನ್ನು ಮೇಲೆತ್ತಿ, ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸಿದ. ಅಕ್ಕ ಗಾಜಿಗೆ ಹಣೆಯಿಟ್ಟು ಒಳಗೆ ಸರಿಯಾಗಿ ನೋಡಿದಳು. ಆಮೇಲೆ ಹಿಂದಿದ್ದವರ ಕಡೆ ತಿರುಗಿ ಏನೋ ಹೇಳಿದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಮಗೆ ಕಾಣಿಸಿತು, ಕೇಳಿಸಲಿಲ್ಲ.