ಕಡಲಾಚೆಯ ಜೂಜಿಗೆ ನಂದಿದುರ್ಗದ ವಿಳಾಸ

ಯಾವುದಾದರೂ ವಿಷಯ ಇತ್ಯರ್ಥವಾಗದಿದ್ದರೆ ನಾನು ಹಾಳೆಯ ನಡುವೆ ಒಂದು ಗೆರೆ ಎಳೆಯುತ್ತೇನೆ. ಎಡಕ್ಕೆ ಲಾಭ, ಬಲಕ್ಕೆ ನಷ್ಟ. ಬಂಗಾರಪೇಟೆಯಿಂದ ಊರಿಗೆ ಬಸ್ಸಿನಲ್ಲಿ ಬರುವುದು ಒಳ್ಳೆಯದೋ ಷೇರ್ ಆಟೋದಲ್ಲೋ ಎಂಬುದಕ್ಕೂ ಒಂದು ಗೆರೆಯಿದೆ. ಹೋದ ವರ್ಷ ನನ್ನನ್ನು ನೋಡಲು ಬಂದ ಗಂಡಿಗೂ ಒಂದು ಗೆರೆ ಎಳೆದಿದ್ದೆ. ಎರಡೂ ಕಡೆ ತುಂಬಿ ಮುಗಿಸುವಷ್ಟರಲ್ಲಿ ಅವರು ಇನ್ನೊಂದು ಮನೆಯ ಉಪ್ಪಿಟ್ಟು ತಿಂದಾಗಿತ್ತು. ಅಮ್ಮ ಇದನ್ನು ಚಟದ ಸಾಲಿಗೇ ಸೇರಿಸಿದ್ದಾಳೆ: ಕುಡಿತ, ಇಸ್ಪೀಟು, ಗೆರೆ.

ನಾನು ಕೆಲಸ ಮಾಡುವುದು ಡೈರಿಯಲ್ಲಿ, ಬರೆಯುವುದೂ ಡೈರಿಯಲ್ಲಿ. ಮೊದಲನೆಯದು ಹಾಲಿನದು, ಎರಡನೆಯದು ನನ್ನದು. ಬೆಳಿಗ್ಗೆ ಊರವರ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸಿ, ಫ್ಯಾಟ್ ನೋಡಿ, ಚೀಟಿ ಕೊಡುತ್ತೇನೆ. ಸಂಜೆ ತಾರೀಖು ಹಾಕಿ ನನ್ನ ದಿನದ ಫ್ಯಾಟ್ ಬರೆದುಕೊಳ್ಳುತ್ತೇನೆ. ಬಹುಪಾಲು ದಿನಗಳು ನೀರೇ.

ಈ ಖ್ಯಾತಿ ಕೇಳಿಯೇ ಮುನಿರಾಜು ಮಾವ ಒಂದು ಭಾನುವಾರ ಮನೆಗೆ ಬಂದದ್ದು. ಮಾವ ಅಮ್ಮನ ತಮ್ಮ. ಹುಟ್ಟಿದ್ದು ಕಾಮಸಮುದ್ರದ ಕಡೆ. ಮದುವೆಯಾದ ಮೇಲೆ ಕೆ.ಜಿ.ಎಫ್.ನ ನಂದಿದುರ್ಗದಲ್ಲಿ, ಹೆಂಡತಿ ಸೆಲ್ವಿ ಅತ್ತೆಯ ಅಪ್ಪನಿಗೆ ಚಿನ್ನದ ಗಣಿಯವರು ಕೊಟ್ಟಿದ್ದ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ, ವಾಸ. ಅಲ್ಲಿಂದ ಬಂಗಾರಪೇಟೆಗೆ ಆಟೋ ಓಡಿಸುತ್ತಾರೆ. ಯಾರೋ ಪ್ಯಾಸೆಂಜರು ದಾರಿಯುದ್ದಕ್ಕೂ ಮೊಬೈಲಿನಲ್ಲಿ ಚಕ್ರ ತಿರುಗಿಸಿ, ಇಳಿಯುವಾಗ ಚಿಲ್ಲರೆ ವಾಪಸ್ಸು ಕೇಳದೆ ಹೋಗಿದ್ದ. ಮಾವನಿಗೆ ಅಷ್ಟು ಸಾಕ್ಷಿ ಸಾಕಾಗಿತ್ತು.

"ಕ್ಯಾಸಿನೋ ಅಂತೆ ಕಣಮ್ಮ. ಫಾರಿನ್ನಿಂದು. ನೀನು ಲೆಕ್ಕದೋಳು, ಒಸಬ್ರು ಆಡ್ಬೌದಾ ಆಡ್ಬಾರ್ದಾ ನೋಡಿ ಏಳು. ನೀನ್ ಏಳ್ದಂಗೆ ಕೇಳ್ತೀನಿ."

ಆಡಬೇಕೆಂದಿದ್ದ ದುಡ್ಡು ಆಟೋದ ಫಿಟ್ನೆಸ್ ಸರ್ಟಿಫಿಕೇಟಿಗೂ, ಅಂದರೆ ಎಫ್‌ಸಿಗೂ, ಇನ್ಶೂರೆನ್ಸಿಗೂ ಎತ್ತಿಟ್ಟ ಹನ್ನೆರಡು ಸಾವಿರ. ಮುಂದಿನ ತಿಂಗಳು ಗಡುವು. ಎಫ್‌ಸಿ ಇಲ್ಲದೆ ಆಟೋ ರಸ್ತೆಗಿಳಿದರೆ ದಂಡ, ಇಳಿಯದಿದ್ದರೆ ಉಪವಾಸ. ಹನ್ನೆರಡನ್ನು ಇಪ್ಪತ್ನಾಲ್ಕು ಮಾಡಿ, ಅರ್ಧಕ್ಕೆ ಎಫ್‌ಸಿ, ಅರ್ಧಕ್ಕೆ ಹೊಸ ಸೀಟು ಎಂಬುದು ಮಾವನ ಯೋಜನೆ. ಯೋಜನೆಯಲ್ಲಿ ಸೀಟಿನ ಬಣ್ಣ ಕೂಡ ನಿರ್ಧಾರವಾಗಿತ್ತು.

ನಾನು ಗೆರೆ ಎಳೆದು ಕೂತೆ. ಬೇಡ ಎಂದು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಆದರೆ ನನ್ನ ಪದ್ಧತಿಗೆ ಅದರಿಂದ ಅವಮಾನ. ಆಟವಾಡದೆ, ಆ ಆ್ಯಪಿನ ನಿಯಮಗಳನ್ನಷ್ಟೇ ಮೂರು ಸಂಜೆ ಓದಿದೆ. ಅಷ್ಟು ಶ್ರದ್ಧೆಯಿಂದ ಓದಿದ್ದರೆ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬರುತ್ತಿತ್ತು.

ಎಡಗಡೆ ಬರೆದೆ: ಕೂತಲ್ಲೇ ಆಡಬಹುದು. ನೂರು ರೂಪಾಯಿಯಿಂದ ಶುರುಮಾಡಬಹುದು. ಹೊಸಬರಿಗೆ ಹಾಕಿದಷ್ಟೇ ಬೋನಸ್ಸು ಕೊಡುತ್ತಾರೆ. ನೂರಾರು ಬಗೆಯ ಆಟಗಳಿವೆ. ಬಣ್ಣಗಳು ಚೆನ್ನಾಗಿವೆ.

ಬಲಗಡೆ ಬರೆದೆ: ನಮ್ಮ ದೇಶದ ಕಾನೂನು ಇದನ್ನು ಒಪ್ಪುವುದಿಲ್ಲ. ಕಂಪನಿ ಯಾವುದೋ ದ್ವೀಪದ ಲೈಸೆನ್ಸು ತೋರಿಸುತ್ತದೆ, ಮೋಸವಾದರೆ ದೂರು ಕೊಡಲು ಸಮುದ್ರ ದಾಟಬೇಕು. ಬೋನಸ್ಸನ್ನು ಮೂವತ್ತೈದು ಸಲ ಆಡಿ ತಿರುಗಿಸುವ ತನಕ ಕೈಗೆ ಕೊಡುವುದಿಲ್ಲ. ಪ್ರತಿ ಆಟದಲ್ಲೂ ಅವರಿಗೆ ಸ್ವಲ್ಪ ಹೆಚ್ಚು ಬರುವ ಹಾಗೆಯೇ ಲೆಕ್ಕ ಕಟ್ಟಿರುತ್ತಾರೆ. ಚಟ ಹತ್ತುತ್ತದೆ.

ಬಲಗಡೆಯ ಮೂರನೆಯದನ್ನೂ ನಾಲ್ಕನೆಯದನ್ನೂ ಹಾಲಿನ ಭಾಷೆಯಲ್ಲಿ ಹೇಳಿಬಿಡುತ್ತೇನೆ, ನನಗೆ ಬರುವುದು ಅದೊಂದೇ. ಬೋನಸ್ಸೆಂದರೆ ಹಾಲಿಗೆ ಬೆರೆಸಿದ ನೀರು. ಕ್ಯಾನು ತುಂಬಿದಂತೆ ಕಾಣುತ್ತದೆ, ಲ್ಯಾಕ್ಟೋಮೀಟರ್ ಮುಳುಗುತ್ತದೆ. ಮೂವತ್ತೈದು ಸಲ ತಿರುಗಿಸುವುದೆಂದರೆ ಒಂದು ಪಾತ್ರೆಯ ಹಾಲನ್ನು ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಸುರಿಯುತ್ತಾ ಹೋಗುವುದು. ಯಾರೂ ಕದಿಯುವುದಿಲ್ಲ, ಚೆಲ್ಲುವುದಿಲ್ಲ. ಪ್ರತಿ ಪಾತ್ರೆಯ ಅಂಚಿಗೂ ಒಂದಿಷ್ಟು ಅಂಟಿಕೊಳ್ಳುತ್ತದೆ, ಅಷ್ಟೆ. ಕೊನೆಗೆ ಕಾಫಿಗೂ ಹಾಲಿರುವುದಿಲ್ಲ, ಆದರೆ ಪಾತ್ರೆಗಳ ಒಡೆಯನ ಮನೆಯಲ್ಲಿ ಪಾಯಸ.

ಇಷ್ಟೆಲ್ಲ ತಿಳಿದವಳು ಮಾಡಿದ ಕೆಲಸವೇನು? ಎಡಕ್ಕೂ ಬಲಕ್ಕೂ ಐದೈದು ಬಂದದ್ದು ನೋಡಿ, ಎಷ್ಟು ನ್ಯಾಯವಾಗಿದೆ ಎಂದು ಖುಷಿಪಟ್ಟು, ಪಟ್ಟಿಯ ಫೋಟೋ ತೆಗೆದು ಮಾವನಿಗೆ ಕಳಿಸಿದ್ದು.

ಮಾವ ಎಣಿಸಿ ನೋಡಿದರು. "ಐದಕ್ಕೈದು! ಸಮ ಸಮ ಅಂದ್ರೆ ಪರವಾಯಿಲ್ಲ ಅಂತ ತಾನೆ ಅರ್ತ?" ಎಂದು ಫೋನು ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ ರುಚಿ ನೋಡಲು ಐನೂರು ಹಾಕಿಯಾಗಿತ್ತು. ಕಾನೂನಿಗೆ ಒಂದು, ಚಂದದ ಬಣ್ಣಕ್ಕೂ ಒಂದು. ನನ್ನ ತಕ್ಕಡಿಯಲ್ಲಿ ಎರಡರ ತೂಕವೂ ಅಷ್ಟೇ ಆಗಿಹೋಗಿತ್ತು.

ಮಾರನೆಯ ದಿನ ಮತ್ತೆ ಫೋನು. ಐನೂರು ಎರಡು ಸಾವಿರದ ಏಳುನೂರಾಗಿದೆ, ಉಳಿದದ್ದನ್ನೂ ಇವತ್ತೇ ಹಾಕುತ್ತೇನೆ ಎಂದರು ಮಾವ. ದನಿಯಲ್ಲಿ ಹೊಸ ಸೀಟಿನ ರೆಕ್ಸಿನ್ ವಾಸನೆ ಬರುತ್ತಿತ್ತು. ಹಿಂದಿನಿಂದ ಅತ್ತೆಯ ತಮಿಳು ಬೆರೆತ ಕೂಗು ಕೇಳಿಸಿತು: "ಎನ್ನಾಂಗ, ಮೊದ್ಲು ಆ ಗೆದ್ದಿರೋ ದುಡ್ಡು ಕೈಗೆ ಬರ್ಲಿ. ಆಮೇಲೆ ಬೇಕಾದ್ರೆ ಆಟೋನೂ ಒಳಗೆ ಆಕಿ, ನನ್ನೂ ಆಕಿ!"

ಪಟ್ಟಿ ಬರೆದವಳು ನಾನು. ಡೈರಿ ಮುಗಿಸಿ ಸೀದಾ ನಂದಿದುರ್ಗಕ್ಕೆ ಹೋದೆ. ಮೂವರೂ ಮೊಬೈಲಿನ ಸುತ್ತ ಕೂತೆವು, ಹೆರಿಗೆ ಮನೆಯ ಹೊರಗೆ ಕೂತ ಹಾಗೆ. ಮಾವ ದುಡ್ಡು ತೆಗೆಯುವ ಗುಂಡಿ ಒತ್ತಿದರು. ಹಾಕುವಾಗ ಹೆಸರನ್ನೂ ಸರಿಯಾಗಿ ಕೇಳದಿದ್ದ ಆ್ಯಪು ಈಗ ಸಬ್ ರಿಜಿಸ್ಟ್ರಾರ್ ಆಫೀಸಿನ ಗತ್ತಿಗೆ ಬಂತು. ಫೋಟೋ ಬೇಕು. ಆಧಾರ್ ಬೇಕು. ಆಧಾರಿನಲ್ಲಿ ಕಾಮಸಮುದ್ರವಿದೆ, ನೀವು ಬರೆದದ್ದು ನಂದಿದುರ್ಗ, ಹಾಗಾಗಿ ನಿಮ್ಮ ಹೆಸರಿನ ಕರೆಂಟು ಬಿಲ್ಲು ಬೇಕು.

ಮಾವ ಅತ್ತೆಯ ಮುಖ ನೋಡಿದರು. ಆ ಮನೆಯ ಬಿಲ್ಲು ಮಾವನ ಹೆಸರಿಗೆ ಬಂದದ್ದೇ ಇಲ್ಲ. ಗಣಿಯ ಕಾಲದ ಲೈನ್ ಮನೆ. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಹಕ್ಕುಪತ್ರ ಕೈಗೆ ಬಂದಿಲ್ಲ. ಆ ಕಾಗದಕ್ಕಾಗಿ ಅವರು ಅಲೆಯದ ಕಚೇರಿಯಿಲ್ಲ, ಹಾಕದ ಶಾಪವಿಲ್ಲ.

ಸಹಾಯಕ್ಕೆಂದು ಒಬ್ಬ ಚಾಟಿನಲ್ಲಿ ಬಂದ. ತುಂಬ ವಿನಯದವನು. ವಿಳಾಸದಲ್ಲಿ "ಲೈನ್" ಎಂದು ಬರೆದಿದ್ದೀರಿ, ದಯವಿಟ್ಟು ಬೀದಿಯ ಹೆಸರು ತಿಳಿಸಿ ಎಂದ.

"ಲೈನ್ ಅಂದ್ರೆ ಲೈನೇ ಕಣಯ್ಯಾ! ಬೀದಿ ಎಲ್ಲಿಂದ ತರ್ಲಿ ನಿಂಗೆ?" ಎಂದು ಮಾವ ಮೊಬೈಲಿಗೆ ಬೈದರು. ನಾನು ಅದನ್ನು ಮರ್ಯಾದೆಯ ಇಂಗ್ಲಿಷಿನಲ್ಲಿ ಟೈಪು ಮಾಡಿದೆ. ಅವನು ವಿಷಾದಿಸಿದ. ಹಾಗಾದರೆ ನಿಮ್ಮ ಆಫೀಸಿನ ವಿಳಾಸ ಕೊಡಿ ಎಂದು ಕೇಳಿದೆ. ಒಂದು ದ್ವೀಪದ ಹೆಸರು, ಒಂದು ಅಂಚೆ ಪೆಟ್ಟಿಗೆಯ ನಂಬರು ಬಂತು. ಬೀದಿ ಅವನಿಗೂ ಇರಲಿಲ್ಲ! ಮನೆಯಿಲ್ಲದ ಕಂಪನಿಯೊಂದು ಹಕ್ಕುಪತ್ರವಿಲ್ಲದ ಮಾವನನ್ನು, ನೀನು ಎಲ್ಲಿಯವನು ಎಂದು ರುಜುವಾತು ಕೇಳುತ್ತಿತ್ತು.

ಆಗ ನಕ್ಕವರು ಅತ್ತೆ. "ನಮ್ಮಪ್ಪ ಏಳ್ತಿದ್ರು. ಗಣಿ ಒಳಕ್ಕೆ ಇಳಿವಾಗ ಜೇಬಲ್ಲಿ ಏನೈತೆ ಅಂತ ಯಾರೂ ಕೇಳ್ತಿರ್ಲಿಲ್ವಂತೆ. ಮೇಲಕ್ ಬಂದಾಗ ಮಾತ್ರ ಟಿಫನ್ ಡಬ್ಬಿನೂ ಬಿಚ್ಚಿಸೋರಂತೆ. ಇದೂ ಅಂಗೇ ಐತೆ ಬುಡಿ."

"ಅಲ್ಲಿ ಕೆಳಗೆ ಬಂಗಾರನಾದ್ರೂ ಇತ್ತು ಅತ್ತೆ," ಎಂದೆ ನಾನು.

"ಇತ್ತು. ನಮ್ಮಪ್ಪನ್ ಡಬ್ಬಿಗೆ ಬಂತಾ?"

ನಾನು ಚಾಟು ಮುಚ್ಚಿ ಮೊಬೈಲನ್ನು ಮಾವನ ಕೈಗಿಟ್ಟೆ.

ಆ ಎರಡು ಸಾವಿರದ ಏಳುನೂರರ ಕಥೆಯನ್ನೂ ಹೇಳಿಬಿಡಬೇಕು. ತೆಗೆಯಲು ಬಿಡದಿದ್ದರೂ, ಬೇಕಾದರೆ ಅದನ್ನೇ ಮತ್ತೆ ಆಡಬಹುದು ಎಂದು ಆ್ಯಪು ದೊಡ್ಡ ಹಸಿರು ಗುಂಡಿ ತೋರಿಸುತ್ತಿತ್ತು. ಮಾವ ಬಂಗಾರಪೇಟೆ ಸ್ಟ್ಯಾಂಡಿನಲ್ಲಿ ಮೂರನೇ ಪ್ಯಾಸೆಂಜರಿಗೆ ಕಾಯುತ್ತಾ ಒತ್ತಿದರು. ಪ್ಯಾಸೆಂಜರು ಬರುವಷ್ಟರಲ್ಲಿ ದುಡ್ಡು ಹೋಗಿತ್ತು. ಪಾತ್ರೆಯ ಅಂಚು, ನೆನಪಿದೆಯಲ್ಲ? ಆದರೆ ಗೆದ್ದದ್ದು ಕೈಗೆ ಬಾರದ್ದರಿಂದ ಉಳಿದದ್ದನ್ನು ಹಾಕಲು ಅತ್ತೆ ಬಿಟ್ಟಿರಲಿಲ್ಲ, ಹನ್ನೆರಡು ಸಾವಿರದಲ್ಲಿ ಹೋದದ್ದು ಆ ಮೊದಲ ಐನೂರು ಮಾತ್ರ. ಅದನ್ನು ಅತ್ತೆ ತಮ್ಮ ಚೀಟಿ ಫಂಡಿನ ದುಡ್ಡಿನಿಂದ ತುಂಬಿಸಿದರು, ಜೊತೆಗೆ ಒಂದು ವಾರ ಆಗುವಷ್ಟು ಮಾತನ್ನೂ ಬಡಿಸಿದರು.

ಎಫ್‌ಸಿ ಆದ ದಿನ ಮಾವ ಆಟೋಗೆ ಹೂವಿನ ಹಾರ ಹಾಕಿ ನಮ್ಮೂರಿಗೆ ಬಂದರು. ಹಳೆಯ ಸೀಟೇ, ಹರಿದ ಕಡೆ ಅತ್ತೆಯ ಹೊಲಿಗೆ. ಅದರ ಮೇಲೆ ಕೂತಾಗ ನನ್ನ ಎದೆಯಿಂದ ತುಂಬಿದ ಹಾಲಿನ ಕ್ಯಾನು ಇಳಿಸಿದಂತಾಯಿತು. ಪಟ್ಟಿ ನನ್ನದು, ಬದುಕು ಅವರದು. ಗೆರೆ ಎಳೆಯುವವರು ಇದನ್ನು ಮರೆಯುವುದು ಬಲು ಸುಲಭ. ಹಾಲಿಗೆ ಬೆಲೆ ಕಟ್ಟುವಾಗ ಬರೀ ಲೀಟರು ನೋಡುವುದಿಲ್ಲ, ಫ್ಯಾಟು ನೋಡುತ್ತೇವೆ. ಈ ಪಾಠವನ್ನು ದಿನವೂ ಬೆಳಿಗ್ಗೆ ಒಂದು ಡೈರಿಯಲ್ಲಿ ಕಲಿತು, ಸಂಜೆ ಇನ್ನೊಂದು ಡೈರಿಯಲ್ಲಿ ಮರೆಯುತ್ತಿದ್ದೆ.

ಮನೆಗೆ ಬಂದು ಹಳೆಯ ಪಟ್ಟಿ ತೆಗೆದೆ. ಮಾವನನ್ನು ಕಾಪಾಡಿದ ಸಂಗತಿ ಎರಡು ಕಡೆಯೂ ಇರಲಿಲ್ಲ. ಇಷ್ಟು ವರ್ಷ ಅವರ ಬದುಕಿನ ದೊಡ್ಡ ನಷ್ಟವೆಂದು ಎಲ್ಲರೂ ಹಲುಬುತ್ತಿದ್ದ ಆ ಇಲ್ಲದ ಕಾಗದವನ್ನು ಎಡಕ್ಕೆ ಬರೆಯಲೋ ಬಲಕ್ಕೆ ಬರೆಯಲೋ ಎಂದು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ.

ಹೋದ ವಾರ ನಂದಿದುರ್ಗಕ್ಕೆ ಹೋದಾಗ ಹಕ್ಕುಪತ್ರ ಕೊಡುತ್ತಾರಂತೆ ಎಂಬ ಸುದ್ದಿ ಲೈನಿನಲ್ಲಿ ಮತ್ತೊಮ್ಮೆ ಓಡಾಡುತ್ತಿತ್ತು. ಮಾವ ಅರ್ಜಿ ತುಂಬುತ್ತಿದ್ದರು. ಹೆಸರಿನ ಜಾಗಕ್ಕೆ ಪೆನ್ನು ಬಂದಾಗ ಅತ್ತೆ ಅಡುಗೆಮನೆಯಿಂದಲೇ ಹೇಳಿದರು:

"ಎನ್ನಾಂಗ, ಮನೆ ನನ್ನೆಸ್ರಿಗೇ ಇರ್ಲಿ. ನಿಮ್ಗೆ ವಿಳಾಸ ಇಲ್ದಿರೋದೇ ಒಳ್ಳೇದು."

ಮಾವ ತಲೆಯೆತ್ತಿ ನನ್ನ ಕಡೆ ನೋಡಿದರು. ನಾನು ಗೆರೆ ಎಳೆಯಲಿಲ್ಲ. ಸೆಲ್ವಿ ಎಂದು ಬರೆಯಿರಿ ಮಾವ, ಎಂದೆ.