ಐರ್ಲೆಂಡಿನ ರಾಹುಕಾಲ

ಇವತ್ತು ಭಾನುವಾರ. ಹೊರಗೆ ಕೊರೆಯುವ ಚಳಿ. ಕಾರಿನಲ್ಲಿ ಕೂತು ಹೀಟರ್ ಹಾಕಿದೆ, ಗಮ್ಮೆಂದು ಪುಳಿಯೋಗರೆ ವಾಸನೆ ಬಂತು. ನೀವು ನಂಬಲಿಕ್ಕಿಲ್ಲ, ಈ ಕಾರಿನಲ್ಲಿ ಯಾರೂ ಪುಳಿಯೋಗರೆ ತಿಂದು ವರ್ಷಗಳಾದವು. ನಮ್ಮವರು ಇದನ್ನು ಮಾರಲು ಹೊರಟಿದ್ದಾರೆ. ನೋಡಲು ಬಂದ ಇಬ್ಬರು ಬಾಗಿಲು ತೆರೆದು, ಮೂಗರಳಿಸಿ, "ಲವ್ಲಿ ಕಾರ್" ಎಂದು ಹೊಗಳಿ ಹೋದವರು ಮತ್ತೆ ಫೋನ್ ಮಾಡಲಿಲ್ಲ. ಸೋಡಾಪುಡಿ, ವಿನೆಗರ್, ಕಾಫಿಪುಡಿ ಎಲ್ಲಾ ಹಾಕಿ ತಿಕ್ಕಿದ್ದಾಯಿತು. ಇಂಗು, ಹುಣಿಸೆಹಣ್ಣು ಎರಡೂ ಸೇರಿ ಒಂದು ಜಾಗ ಹಿಡಿದರೆ ಸುಲಭಕ್ಕೆ ಬಿಡುವ ಪೈಕಿ ಅಲ್ಲ. ಆ ವಿಷಯದಲ್ಲಿ ಅವು ನಮ್ಮ ಅತ್ತೆಯ ಹಾಗೆ ಎಂದು ಒಂದು ಕಾಲದಲ್ಲಿ ನಾನು ಹಲ್ಲು ಕಡಿದುಕೊಂಡು ಹೇಳುತ್ತಿದ್ದೆ.

ನಿಜವಾಗಿ ನೋಡಿದರೆ ಈ ವಾಸನೆಯ ಕಥೆ ಗ್ರೀಸ್ ದೇಶದಿಂದ ಶುರುವಾಗಬೇಕು. ಮದುವೆಯಾದ ಹೊಸತರಲ್ಲಿ ನಾವು ಹನಿಮೂನ್ ಎಂದು ಹೋದದ್ದು ಧರ್ಮಸ್ಥಳಕ್ಕೆ, ಅದೂ ಹದಿಮೂರು ಜನ ನೆಂಟರ ಜೊತೆ ಒಂದು ಟೆಂಪೋದಲ್ಲಿ. ಅಂದಿನಿಂದ ನನಗೊಂದು ಆಸೆ. ನಾವು, ನಮ್ಮ ಮಗಳು, ಒಂದು ಕಾರು. ಆ ಕಾರನ್ನು ಹಡಗಿಗೆ ಹತ್ತಿಸಿ ಗ್ರೀಸಿನ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವುದು, ಬಿಳಿ ಗೋಡೆ, ನೀಲಿ ಬಾಗಿಲು, ನನ್ನನ್ನು "ಒಗ್ಗರಣೆಗೆ ಸಾಸಿವೆ ಎಲ್ಲಿ" ಎಂದು ಕೇಳುವವರು ಯಾರೂ ಇಲ್ಲದಿರುವುದು. ಐರ್ಲೆಂಡಿನಲ್ಲಿ ಎಷ್ಟು ವರ್ಷ ದುಡಿದರೂ ನಮ್ಮ ಪಾಸ್‌ಪೋರ್ಟಿಗೆ ಗ್ರೀಸಿಗೆ ಹೋಗಲು ಬೇರೆ ವೀಸಾ ಬೇಕು. ಹತ್ತೂ ಬೆರಳಿನ ಅಚ್ಚು ಕೊಟ್ಟು, ಆಫೀಸಿನ ಪತ್ರ ಕೊಟ್ಟು, ಅಂತೂ ಅದನ್ನು ಪಡೆದೆವು. ಅತ್ತೆ ಆಗ ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದರು. ಅವರನ್ನು ವಿಮಾನ ಹತ್ತಿಸಿದ ಮರುವಾರ ನಾವು ಮೂವರೂ ಹೊರಡುವುದೆಂದು ನಿಶ್ಚಯವಾಗಿತ್ತು.

ಅಷ್ಟರಲ್ಲಿ ಕೊರೊನಾ ಬಂತು. ವಿಮಾನ ನಿಂತಿತು. ಎರಡು ಕಿಲೋಮೀಟರ್ ಆಚೆ ಹೋಗಬೇಡಿ ಎಂದರು, ಆಮೇಲೆ ದೊಡ್ಡ ಮನಸ್ಸು ಮಾಡಿ ಐದು ಎಂದರು. ಡಬ್ಲಿನ್ನಿನ ಕ್ಯಾಸಲ್‌ನಾಕ್‌ನ ನಮ್ಮ ಮನೆಯಿಂದ ಫೀನಿಕ್ಸ್ ಪಾರ್ಕ್ ಆ ಲೆಕ್ಕದೊಳಗೇ ಬರುತ್ತಿತ್ತಾದ್ದರಿಂದ ಅಲ್ಲಿನ ಜಿಂಕೆಗಳಿಗೆ ನಮ್ಮ ಮುಖ ಪರಿಚಯವಾಯಿತು. ಗ್ರೀಸಿನ ವೀಸಾ ಮೇಜಿನ ಖಾನೆಯಲ್ಲೇ ಅವಧಿ ಮುಗಿಸಿತು. ಅತ್ತೆ ಉಳಿದರು.

ಉಳಿದರು ಎಂದರೆ ಹೇಗೆ ಹೇಳಲಿ. ಸ್ಯಾಂಡಿಫರ್ಡ್‌ನಲ್ಲಿದ್ದ ನನ್ನ ಆಫೀಸು ನಮ್ಮ ಬೆಡ್‌ರೂಮಿಗೆ ಬಂದು ಕೂತಿತ್ತು. ನಾನು ಇಡೀ ಟೀಮಿನ ಎದುರು ಗಂಭೀರವಾಗಿ ಮಾತಾಡುವಾಗ ಅತ್ತೆ ಹಿಂದಿನಿಂದ ಬೆಳ್ಳುಳ್ಳಿ ಸುಲಿಯುತ್ತಾ ಬಂದು ಸ್ಕ್ರೀನಿಗೆ ಬಗ್ಗಿ, "ಇವ್ರೆಲ್ಲಾ ತಿಂಡಿ ತಿಂದ್ರಂತೇನೇ?" ಎಂದು ವಿಚಾರಿಸುತ್ತಿದ್ದರು. ನಾನು ಇಟ್ಟ ಉಪ್ಪಿನ ಡಬ್ಬಿ ಇಟ್ಟ ಜಾಗದಲ್ಲಿ ಇರುತ್ತಿರಲಿಲ್ಲ. ಅವರು ಕೆಟ್ಟವರಲ್ಲ, ಅದೇ ಕಷ್ಟ. ಕೆಟ್ಟವರ ಜೊತೆಗಾದರೆ ಒಂದು ದಿನ ಜಗಳವಾಡಿ ಮುಗಿಸಬಹುದು.

ಅದಕ್ಕಿಂತ ದೊಡ್ಡ ತಲೆನೋವು ಅವರ ಕಾಲಜ್ಞಾನ. ವಿಮಾನಗಳು ಮತ್ತೆ ಹಾರತೊಡಗಿದ ಮೇಲೆ ನಮ್ಮವರು ಎರಡು ಸಲ ಅವರಿಗೆ ಟಿಕೆಟ್ ಮಾಡಿದರು. ಒಂದು ಸಲ ಪಿತೃಪಕ್ಷ, ಇನ್ನೊಂದು ಸಲ ಧನುರ್ಮಾಸ. ಎರಡೂ ರದ್ದು. ಇವು ಸಾಲದು ಎಂಬಂತೆ ದಿನನಿತ್ಯದ ರಾಹುಕಾಲ. ಅದರಲ್ಲಿ ಹೊರಟ ಕೆಲಸ ಕೆಡುತ್ತದೆ ಎಂದು ನಂಬುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಕ್ಯಾಲೆಂಡರ್ ನೋಡಿ ಒಂದೂವರೆ ಗಂಟೆ ಸುಮ್ಮನಿದ್ದರೆ ಮುಗಿಯಿತು. ನಮ್ಮ ಅತ್ತೆಗೆ ಅಷ್ಟಕ್ಕೆ ಸಮಾಧಾನವಿಲ್ಲ. ಹಗಲನ್ನು ಎಂಟು ಪಾಲು ಮಾಡಿ ಒಂದು ಪಾಲು ರಾಹುವಿಗೆ ಎನ್ನುವುದು ಲೆಕ್ಕ. ಮೈಸೂರಿನಲ್ಲಿ ಹಗಲು ಹನ್ನೆರಡು ಗಂಟೆ, ಸರಿ. ಈ ದೇಶದಲ್ಲಿ ಜೂನ್ ಬಂದರೆ ಬೆಳಿಗ್ಗೆ ಐದಕ್ಕೆ ಹುಟ್ಟಿದ ಸೂರ್ಯ ರಾತ್ರಿ ಹತ್ತಾದರೂ ಮುಳುಗುವ ಸೂಚನೆಯೇ ಇರುವುದಿಲ್ಲ. ಹಾಗಾಗಿ ರಾಹುವಿನ ಪಾಲೂ ಉಬ್ಬಿ ಎರಡು ಗಂಟೆ ದಾಟುತ್ತದೆ.

"ಅತ್ತೆ, ಮೈಸೂರಿನ ಪಂಚಾಂಗದ ಪ್ರಕಾರಾನೇ ನೋಡೋಣ ಬಿಡಿ" ಎಂದು ನಾನೊಮ್ಮೆ ರಾಜಿಗೆ ಹೋದೆ.

"ಅದು ಹೇಗಾಗತ್ತೆ? ಸೂರ್ಯ ಇಲ್ಲಿಯವನು, ರಾಹು ಮಾತ್ರ ಮೈಸೂರಿನವನಾ?"

ಉತ್ತರ ಇದ್ದರೆ ನೀವೇ ಹೇಳಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ. ನಮ್ಮ ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ, ರಾಹುಕಾಲ.

ಮರುವರ್ಷ ಬೇಸಿಗೆಗೆ ದೇಶದೊಳಗೆ ಎಲ್ಲಿ ಬೇಕಾದರೂ ತಿರುಗಿ ಎಂದು ಅಪ್ಪಣೆಯಾಯಿತು. ನಮ್ಮವರಿಗೆ ಒಂದು ದಿವ್ಯ ಯೋಚನೆ ಹೊಳೆಯಿತು. ಗ್ರೀಸ್ ಇಲ್ಲದಿದ್ದರೆ ಏನಂತೆ, ಐರ್ಲೆಂಡಿನ ಸುತ್ತ ದ್ವೀಪಗಳಿಲ್ಲವೇ, ಕಾರು ಹತ್ತಿಸುವ ಫೆರಿಗಳಿಲ್ಲವೇ? ಅತ್ತೆಗೂ ಮೂರನೇ ಟಿಕೆಟ್ ಆಗಿತ್ತು, ಆಷಾಢಕ್ಕೆ ಮುಂಚೆ, ಒಂದು ಬುಧವಾರ ಬೆಳಿಗ್ಗೆ. ಹೋಗುವ ಮುಂಚೆ ಅಮ್ಮನೂ ಒಂದು ಸುತ್ತು ನೋಡಲಿ ಎಂದರು. ನನ್ನ ಮೂವರ ಪ್ರವಾಸ ಹೀಗೆ ನಾಲ್ವರದ್ದಾಯಿತು. ನಮ್ಮವರು ಪ್ರತಿ ದ್ವೀಪಕ್ಕೂ ಗ್ರೀಕ್ ಹೆಸರಿಟ್ಟರು. ಕೆರ್ರಿ ಜಿಲ್ಲೆಯದ್ದು ನಾಕ್ಸೊಸ್, ಕಾರ್ಕಿನದ್ದು ಪಾರೊಸ್, ಡೊನೆಗಾಲ್‌ನದ್ದು ಸ್ಯಾಂಟೊರಿನಿ. ಅವುಗಳ ನಿಜವಾದ ಹೆಸರು ನನಗೆ ಇವತ್ತಿಗೂ ಬಾಯಿಗೆ ಬರುವುದಿಲ್ಲ. ಮಳೆಯಲ್ಲಿ ನೆಂದ ಕುರಿಗಳ ನಡುವೆ ನಿಂತು "ಸೇಮ್ ಸ್ಯಾಂಟೊರಿನಿ, ಅಲ್ವಾ?" ಎನ್ನುವ ಗಂಡನಿಗೆ ಏನು ಹೇಳುವುದು?

ಹೋಟೆಲುಗಳಲ್ಲಿ ಒಳಗೆ ಕೂತು ತಿನ್ನುವ ಹಾಗಿರಲಿಲ್ಲ. ಅದಕ್ಕೇ ಡಿಕ್ಕಿಯಲ್ಲಿ ರೈಸ್ ಕುಕ್ಕರ್, ಚಟ್ನಿಪುಡಿ, ಅತ್ತೆ ಒಂದು ದಿನವಿಡೀ ಕೂತು ಕುದಿಸಿದ ಪುಳಿಯೋಗರೆ ಗೊಜ್ಜಿನ ದೊಡ್ಡ ಜಾಡಿ. ಅದರ ಗತಿ ಏನಾಯಿತೆಂದು ಹೇಳಿಬಿಡುತ್ತೇನೆ. ನಮ್ಮ ನಾಕ್ಸೊಸ್‌ಗೆ ಹೋಗುವ ಫೆರಿ ಪುಟ್ಟದು, ಕಾರನ್ನು ರಿವರ್ಸ್‌ನಲ್ಲಿ ಹತ್ತಿಸಬೇಕು. ಇಲ್ಲಿಯ ಡ್ರೈವಿಂಗ್ ಪರೀಕ್ಷೆಯಲ್ಲಿ ರಿವರ್ಸ್ ಒಂದಕ್ಕೇ ಎರಡು ಸಲ ಫೇಲಾದ ಮನುಷ್ಯ ಬೆವರತೊಡಗಿದರು. ನಮ್ಮ ಕಡೆ ಕಾರು ಹಿಂದಕ್ಕೆ ಬರಬೇಕಾದರೆ ಯಾರಾದರೂ ಹಿಂದೆ ನಿಂತು ಡಿಕ್ಕಿ ತಟ್ಟಬೇಕಲ್ಲ? ಅತ್ತೆ ಇಳಿದೇಬಿಟ್ಟರು. ಸೆರಗು ಸಿಕ್ಕಿಸಿ, ಮಾಸ್ಕ್ ಗಲ್ಲಕ್ಕೆ ಇಳಿಸಿ, "ಬರ್ಲಿ, ಬರ್ಲಿ, ಇನ್ನೂ ಬರ್ಲಿ, ಲೆಫ್ಟ್‌ಗೆ ಹೊಡಿಯೋ!" ಎಂದು ಶುರುಮಾಡಿದರು. ಇನ್ನೊಂದು ಬದಿಯಿಂದ ಫೆರಿಯವನು "ಯು ಆರ್ ಗ್ರ್ಯಾಂಡ್, ಯು ಆರ್ ಗ್ರ್ಯಾಂಡ್" ಎಂದು, ಅಂದರೆ ಇಲ್ಲಿಯವರ ಮಾತಿನಲ್ಲಿ "ಸರಿಯಿದೆ ಬನ್ನಿ" ಎಂದು, ಬಲಕ್ಕೆ ಕೈ ಬೀಸುತ್ತಿದ್ದ. ನಮ್ಮವರು ಇಬ್ಬರ ಮಾತೂ ಕೇಳಿದರು. ಆಮೇಲೆ ಗಾಬರಿಯಿಂದ ಬ್ರೇಕ್ ತುಳಿದರು. ಜಾಡಿಯ ಮುಚ್ಚಳ ಹಾರಿತು. ಹಿಂದಿನ ಸೀಟಿನಲ್ಲಿದ್ದ ನಮ್ಮ ಮಗಳು ಸಾನ್ವಿ, ಹನ್ನೊಂದರವಳು, ಕನ್ನಡ ಅರ್ಥವಾದರೂ ಅಪ್ಪಟ ಡಬ್ಲಿನ್ ಇಂಗ್ಲಿಷಿನಲ್ಲೇ ಉತ್ತರಿಸುವವಳು, ಹಿಂದಿರುಗಿ ನೋಡಿ "ಅಮ್ಮಾ, ಇಟ್ಸ್ ಎವ್ರಿವೇರ್" ಎಂದಳು.

ಇದನ್ನಾದರೂ ನಗುತ್ತಾ ನುಂಗಿದೆ. ನನ್ನ ತಾಳ್ಮೆ ಕಿತ್ತುಹೋದದ್ದು ಮೂರನೆಯ ದ್ವೀಪಕ್ಕೆ ಫೆರಿ ಹತ್ತುವ ದಡದಲ್ಲಿ. ಅಂದು ಶುಕ್ರವಾರ. ಶುಕ್ರವಾರದ ರಾಹುಕಾಲ ಕ್ಯಾಲೆಂಡರಿನಲ್ಲಿ ಹತ್ತೂವರೆಯಿಂದ ಹನ್ನೆರಡು. ನಮ್ಮವರು ಜಾಣತನದಿಂದ ಹನ್ನೆರಡೂಕಾಲು ಗಂಟೆಯ ಫೆರಿಗೆ ಟಿಕೆಟ್ ತೆಗೆದಿದ್ದರು. ಸಾಲಿನಲ್ಲಿ ನಮ್ಮ ಕಾರೇ ಮೊದಲು. ಅತ್ತೆ ಕಿಟಕಿಯಿಂದ ಆಕಾಶ ನೋಡಿದರು, ಬೆರಳು ಮಡಿಸಿದರು.

"ಇಲ್ಲಿ ಒಂದೂವರೆ ತನಕ ಇದೆ ಕಣೋ. ನೀರಿನ ಮೇಲೆ ಬೇರೆ ಹೋಗೋದು. ಮುಂದಿನದಕ್ಕೆ ಹೋಗೋಣ."

"ಅಮ್ಮಾ, ಮುಂದಿನದು ನಾಲ್ಕು ಗಂಟೆಗೆ."

"ಇರ್ಲಿ. ನಮಗೇನು ಅಲ್ಲಿ ಅಡುಗೆ ಕೆಟ್ಟುಹೋಗತ್ತಾ?"

ಅಮ್ಮ ಹೇಳಿದ ಮೇಲೆ ಮುಗಿಯಿತು. ನಮ್ಮವರು ಕಾರನ್ನು ಪಕ್ಕಕ್ಕೆ ತೆಗೆದರು. ನಮ್ಮ ಹಿಂದಿದ್ದ ಕಾರುಗಳೆಲ್ಲ ಒಂದೊಂದಾಗಿ ಹತ್ತಿದವು, ಒಂದು ನಾಯಿ ಕೂಡ ಹತ್ತಿತು. ಬಿಸಿಲೂ ಇತ್ತು, ಈ ದೇಶದಲ್ಲಿ ಅದೇನು ದಿನಾ ಸಿಗುವ ವಸ್ತುವೇ? ಫೆರಿ ಹೊರಟ ಮೇಲೆ ಬಿಸಿಲು ಹೋಗಿ ಮಳೆ ಶುರುವಾಯಿತು. ಅಪ್ಪ ಮಗಳು ನನ್ನ ಮುಖ ನೋಡಿ, ಚಿಪ್ಸ್ ತರುವ ನೆಪದಲ್ಲಿ ತಪ್ಪಿಸಿಕೊಂಡರು.

ಕಾರಿನಲ್ಲಿ ನಾವಿಬ್ಬರೇ, ಗೊಜ್ಜಿನ ವಾಸನೆಯ ನಡುವೆ. ನನಗೆ ಮೈ ಉರಿದುಹೋಗಿತ್ತು.

"ಅತ್ತೆ, ಒಂದು ಮಾತು ನೇರವಾಗಿ ಕೇಳ್ತೀನಿ. ಎರಡು ಟಿಕೆಟ್ ಕ್ಯಾನ್ಸಲ್ ಮಾಡಿಸಿದ್ರಿ. ಬುಧವಾರದ್ದಕ್ಕೂ ಏನೋ ಒಂದು ಹುಡುಕ್ತೀರಿ, ನಂಗೊತ್ತು. ನಿಮಗೆ ಊರಿಗೆ ಹೋಗಕ್ಕೆ ಇಷ್ಟ ಇಲ್ವಾ?"

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಆ ಎರಡು ಸಲ ದಿನ ಕೂಡಿರಲಿಲ್ಲ, ನಿಜ. ಈಗ ಹೋಗಿ ಯಾರನ್ನ ನೋಡ್ಲಿ ಹೇಳು" ಎಂದರು. "ಸಂಜೆ ಐದಾದ್ರೆ ಪದ್ಮ ಕೆಳಗಿಂದ ಕೂಗೋಳು. ನಾನು ಇಳಿದ್ಹೋಗೋದು. ಸರೋಜ ಟೀಚರ್ ಗೇಟ್ ಹತ್ರ ಕಾಯ್ತಿರೋರು. ಮುನೀರಾ ಯಾವಾಗ್ಲೂ ಲೇಟು, ಅವಳಿಗೆ ಬೈಕೊಂಡೇ ನಾಲ್ಕು ಸುತ್ತು ಹಾಕೋದು. ಮೊನ್ನೆ ಮೇ ತಿಂಗಳು ಕೊರೊನಾದಲ್ಲಿ ಮೂರೂ ಜನ ಹೋದ್ರು ಕಣೇ. ಒಂದೇ ತಿಂಗಳಲ್ಲಿ."

ಪದ್ಮಾ ಆಂಟಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ಉಳಿದ ಇಬ್ಬರ ವಿಷಯ ಅವರು ನಮಗೆ ಹೇಳಿರಲೇ ಇಲ್ಲ. ಮಾವ ತೀರಿಕೊಂಡ ಮೇಲೆ ಮೈಸೂರಿನ ಆ ಅಪಾರ್ಟ್‌ಮೆಂಟಿನಲ್ಲಿ ಅವರನ್ನು ನಗಿಸಿ ನಡೆಸಿದ್ದು ಈ ಮೂವರೇ ಎನ್ನುವುದು ಮಾತ್ರ ನಮಗೆಲ್ಲ ಗೊತ್ತಿದ್ದ ಸಂಗತಿ.

"ಲಿಫ್ಟಲ್ಲಿ ಇಳಿದು ನಾನು ಎಲ್ಲಿಗೆ ಹೋಗ್ಲಿ? ಅಲ್ಲಿ ಐದು ಗಂಟೆ ಆಗತ್ತಲ್ಲ, ದಿನಾ ಆಗತ್ತಲ್ಲ, ಅದನ್ನ ನೆನೆಸ್ಕೊಂಡ್ರೆ ಭಯ ನಂಗೆ." ಕನ್ನಡಕ ಹಾಕಿಕೊಂಡು ಅವರೇ ಹೇಳಿದರು, "ರಾಹುಕಾಲ ಸುಳ್ಳಲ್ಲ. ಆದ್ರೆ ನಾನು ಅದನ್ನ ಒಂಚೂರು ಎಳೀತೀನಿ."

ನನಗೆ ನಗು ಬಂತು, ಅಳುವೂ ಬಂತು. ಸಿಟ್ಟು ಮಾತ್ರ ಪೂರ್ತಿ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಇದನ್ನು ಮನೆಯ ಅಡುಗೆಮನೆಯಲ್ಲಿ ಹೇಳಿದ್ದರೆ ಆ ಫೆರಿಯಾದರೂ ಸಿಗುತ್ತಿತ್ತಲ್ಲ ಎಂದು ಒಳಗೊಳಗೇ ಗೊಣಗಿಕೊಂಡೆ. ಆದರೆ ಅಡುಗೆಮನೆಯಲ್ಲಿ ನಮಗಿಬ್ಬರಿಗೂ ಉಪ್ಪಿನ ಡಬ್ಬಿ ಬಿಟ್ಟು ಬೇರೆ ಮಾತು ಎಲ್ಲಿತ್ತು? ನಾಲ್ಕು ಗಂಟೆಯ ಫೆರಿಯಲ್ಲಿ ಅವರು ಕಂಬಿ ಹಿಡಿದು ನಿಂತರು, ನಾನು ಅವರ ಪಕ್ಕ ನಿಂತೆ. ಮಳೆ ಇಬ್ಬರ ಮುಖಕ್ಕೂ ಹೊಡೆಯುತ್ತಿತ್ತು. "ಸೇಮ್ ಸ್ಯಾಂಟೊರಿನಿ" ಎಂದು ನಮ್ಮವರು ಹಿಂದಿನಿಂದ ಕೂಗಿದರು.

ಮನೆಗೆ ಬಂದೆವು. ಅತ್ತೆ ಸೂಟ್‌ಕೇಸ್ ತುಂಬತೊಡಗಿದರು. ಈ ಸಲ ಅವರೇನೂ ಹುಡುಕಲಿಲ್ಲ. ಸೋಮವಾರ ಸಂಜೆ ಎಲ್ಲರೂ ಊಟಕ್ಕೆ ಕೂತಾಗ ನಾನು ತಟ್ಟೆ ನೋಡುತ್ತಲೇ ಹೇಳಿದೆ.

"ಅಲ್ಲ ಅತ್ತೆ, ಬುಧವಾರ ಬೆಳಿಗ್ಗೆ ರಾಹುಕಾಲ ಅಲ್ವಾ?"

ಬುಧವಾರದ ರಾಹುಕಾಲ ಮಧ್ಯಾಹ್ನ. ಮೈಸೂರಿನಲ್ಲೂ ಮಧ್ಯಾಹ್ನ, ಡಬ್ಲಿನ್ನಿನಲ್ಲೂ ಮಧ್ಯಾಹ್ನ; ಹಗಲು ಎಷ್ಟೇ ಹಿಗ್ಗಿದರೂ ಅದು ಬೆಳಿಗ್ಗೆಗೆ ಬರುವುದಿಲ್ಲ. ಇದನ್ನು ನನಗೆ ಕಲಿಸಿದವರೇ ಅವರು. ಅತ್ತೆಯ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ನನ್ನನ್ನೇ ನೋಡಿದರು.

"ಹೌದಲ್ವಾ" ಎಂದರು ಮೆತ್ತಗೆ. "ನಾನು ಗಮನಿಸ್ಲೇ ಇಲ್ಲ ನೋಡು."

ನಮ್ಮವರು ತಲೆ ಚಚ್ಚಿಕೊಂಡು ಮೂರನೆಯ ಟಿಕೆಟ್ ರದ್ದು ಮಾಡಿದರು. ಅತ್ತೆ ಮುಂದಿನ ಬೇಸಿಗೆಯವರೆಗೂ ಇದ್ದರು. ಉಪ್ಪಿನ ಡಬ್ಬಿಗಾಗಿ ನಾವು ಜಗಳವಾಡುತ್ತಲೇ ಇದ್ದೆವು, ಸಂಜೆ ಐದಾದರೆ ನಾನು ಲ್ಯಾಪ್‌ಟಾಪ್ ಮುಚ್ಚಿ ಮೆಟ್ಟಿಲ ಕೆಳಗಿನಿಂದ "ಅತ್ತೇ" ಎಂದು ಕೂಗುತ್ತಿದ್ದೆ, ಇಬ್ಬರೂ ಪಾರ್ಕಿಗೆ ಹೋಗುತ್ತಿದ್ದೆವು. ನಾನು ದಿನಾ ಲೇಟು. ಅವರು ದಿನಾ ಬೈಯುತ್ತಿದ್ದರು. ಆಮೇಲೆ ಒಂದು ದಿನ ತಾವಾಗಿಯೇ ಟಿಕೆಟ್ ಮಾಡಲು ಹೇಳಿ ಹೊರಟುಹೋದರು.

ಹೋದ ಮೇಲೆ ಹೇಗಿದ್ದೀರಿ ಎಂದು ಕೇಳಿದಾಗಲೆಲ್ಲ "ಇದೀನಿ" ಎನ್ನುತ್ತಾರೆ. ಅದರಿಂದ ಏನು ತಿಳಿಯುತ್ತದೆ? ಈಗ ಈ ಕಾರಿನಲ್ಲಿ ಕೂತವಳು, ನಿಮ್ಮ ಗೊಜ್ಜಿನಿಂದ ನಮ್ಮ ಕಾರು ಬಿಕರಿಯಾಗುತ್ತಿಲ್ಲ ಎಂದು ಜಗಳ ತೆಗೆಯಲು ಫೋನ್ ಮಾಡಿದೆ. ಇಲ್ಲಿ ಮಧ್ಯಾಹ್ನ ಹನ್ನೆರಡು, ಅಲ್ಲಿ ಸಂಜೆ ಐದೂವರೆ. ಎರಡು ಮಾತಾಡುವುದರೊಳಗೆ ಅತ್ತೆಯ ದನಿ ಅವಸರವಾಯಿತು, ಚಪ್ಪಲಿ ಹುಡುಕುವ ಸದ್ದು ಕೇಳಿತು, ಎಲ್ಲೋ ಕೆಳಗಿನಿಂದ ಯಾವುದೋ ಹೆಂಗಸು ಕೂಗುವುದು ಕೇಳಿತು.

"ಆಮೇಲೆ ಮಾಡ್ತೀನಿ ಇಡೇ. ಕೆಳಗೆ ಕಾಯ್ತಾ ಇದಾರೆ."

"ಅತ್ತೆ, ಭಾನುವಾರ ಸಂಜೆ! ಈಗ ರಾಹುಕಾಲ ಅಲ್ವಾ?"

"ಇದ್ರೆ ಇರ್ಲಿ ಬಿಡೇ" ಎಂದರು. ನನ್ನ ಮಾತು ಇನ್ನೂ ಬಾಯಲ್ಲಿರುವಾಗಲೇ ಫೋನ್ ಕಟ್ ಮಾಡಿದರು.